ಮುಂದಿನ ಸೀಟು

ಕಾಗದ ಕತ್ತರಿಸುವ ಶ್ರೆಡರಿನ ಸದ್ದು ಮ್ಯಾನೇಜರ್ ಎಡ್ವರ್ಡರ ಕ್ಯಾಬಿನ್ನಿಗೆ ಕೇಳಿಸಿರಬೇಕು, ಕೇಳಿಸದೆ ಇರುವುದಕ್ಕೆ ಸಾಧ್ಯವೇ ಇಲ್ಲ ಎಂದು ಬಿದ್‌ಬಿದ್ ಊರನ್ನು ಕಾರು ದಾಟುವ ಹೊತ್ತಿಗೆ ಹೊನ್ನಪ್ಪ ತನಗೆ ತಾನೇ ಹತ್ತನೆಯ ಸಲವೋ ಏನೋ ಹೇಳಿಕೊಂಡ. ಮಸ್ಕತ್ತಿನ ಖುರುಮ್‌ನ ಆ ಆಫೀಸಿನಲ್ಲಿ ಗೋಡೆಗಳೆಂದರೆ ಹೆಸರಿಗೆ ಮಾತ್ರ. ಆಚೆ ಎಡ್ವರ್ಡರು ಚಹಾಕ್ಕೆ ಸಕ್ಕರೆ ಕದಡುವುದೂ ಈಚೆಗೆ ಕೇಳುತ್ತದೆ. ಬೆಳಿಗ್ಗೆ ಎಂಟೂವರೆಗೆ ಅವರು ಕರೆದು, ಇಬ್ರಾ ಸೈಟಿನ ಫೈಲಿನಲ್ಲಿ ಆ ಏಣಿಯದ್ದು ಮೂರು ಹಾಳೆ ಉಂಟಲ್ಲ, ಅದು ಇನ್ನು ಬೇಡ ಮಾರಾಯ್ರೆ, ಎಂದಿದ್ದರು. ಹರಿದುಹಾಕಿ ಎನ್ನಲಿಲ್ಲ. ದೊಡ್ಡವರು ಹಾಗೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಬೇಡ ಎನ್ನುತ್ತಾರೆ, ಆಮೇಲೆ ಚಹಾ ಕದಡುತ್ತಾರೆ. ಹೊನ್ನಪ್ಪ ಆಯ್ತು ಸಾರ್ ಎಂದು ಹೊರಗೆ ಬಂದು, ಮೂರು ಹಾಳೆಗಳನ್ನೂ ಮಡಚಿ ಅಂಗಿಯೊಳಗೆ ತುರುಕಿಕೊಂಡು, ಹೋದ ವರ್ಷದ ಓಣಂ ಊಟದ ಸುತ್ತೋಲೆಯ ಮೂರು ಪ್ರತಿ ಹುಡುಕಿ ತೆಗೆದು ಯಂತ್ರದ ಬಾಯಿಗೆ ಕೊಟ್ಟಿದ್ದ. ಒಂದೊಂದಾಗಿ, ನಡುವೆ ಸ್ವಲ್ಪ ಬಿಡುವು ಕೊಟ್ಟು, ಎಣಿಸಲು ಅನುಕೂಲವಾಗುವ ಹಾಗೆ. ಯಾಕೆ ಹಾಗೆ ಮಾಡಿದೆ ಎಂದು ಈಗ ಯಾರಾದರೂ ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಧೈರ್ಯವಂತೂ ಅಲ್ಲ. ಧೈರ್ಯವಿರುವವನು ಸುತ್ತೋಲೆ ಹುಡುಕುತ್ತ ಕೂರುವುದಿಲ್ಲ. ಈಗ ಆ ಹಾಳೆಗಳು ಆಫೀಸಿನ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯೊಳಗೆ, ಇಬ್ರಾ ಸೈಟಿನ ಮಹ್ರೂಫನಿಗೆ ಕೊಡಿ ಎಂದು ಎಡ್ವರ್ಡರು ಕಳಿಸಿದ ಖರ್ಜೂರದ ಪೆಟ್ಟಿಗೆಯ ಕೆಳಗೆ ಇದ್ದವು.

ವಿಷಯ ಇಷ್ಟೇ, ಎಂದು ಎಡ್ವರ್ಡರು ಎರಡು ವಾರದಿಂದ ಹೇಳುತ್ತಿದ್ದಾರೆ. ಇಬ್ರಾದ ಸೈಟಿನಲ್ಲಿ ಪಿಯುಸ್ ಎಂಬ ಪ್ಲಂಬರು ನೀರಿನ ಟ್ಯಾಂಕಿಗೆ ಹತ್ತುವಾಗ ಏಣಿ ಮುರಿದು ಬಿದ್ದ. ಸೊಂಟದ ಮೂಳೆ ಎರಡು ಕಡೆ ಹೋಗಿದೆ, ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ತಪ್ಪು ಯಾರದು ಎಂಬ ವಿಚಾರಣೆ ನಾಳೆ ಬೆಳಿಗ್ಗೆ ಮಸ್ಕತ್ತಿನಲ್ಲಿ. ಏಣಿ ತುಕ್ಕು ಹಿಡಿದಿತ್ತು, ಹೊಸದು ಬೇಕು ಎಂದು ಸೈಟಿನ ಸೂಪರ್‌ವೈಸರ್ ಮಹ್ರೂಫ್ ಮೂರು ಸಲ ಕೇಳಿದ್ದ. ಉಳ್ಳಾಲದ ಮಹ್ರೂಫನಿಗೆ ಇಂಗ್ಲಿಷಿನಲ್ಲಿ ಬರೆಯುವುದೆಂದರೆ ಜ್ವರ ಬರುತ್ತದೆ. ಅವನು ಫೋನು ಮಾಡಿ ಕನ್ನಡದಲ್ಲಿ ಹೇಳುವುದು, ಹೊನ್ನಪ್ಪ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಎಡ್ವರ್ಡರ ಮೇಜಿನ ಮೇಲೆ ಇಡುವುದು, ಹತ್ತು ವರ್ಷದಿಂದ ನಡೆದು ಬಂದ ಪದ್ಧತಿ ಇದು. ಹೀಗಾಗಿ ಕೇಳಿದವನ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ. ಇರುವುದು ಮೂರೇ ಹಾಳೆ. ಮೂರರ ಮೇಲೂ ಎಡ್ವರ್ಡರು ಹಸಿರು ಶಾಯಿಯಲ್ಲಿ ಮುಂದಿನ ತಿಂಗಳು ನೋಡೋಣ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ತಮ್ಮ ಬಾಲವಿರುವ ಸಹಿ ಹಾಕಿದ್ದರು. ಅವುಗಳ ಬದಲಿಗೆ ಈಗ ಬೇರೊಂದು ಹಾಳೆ ತಯಾರಾಗಿ ಪಕ್ಕದ ಬ್ಯಾಗಿನಲ್ಲಿತ್ತು. ಏಣಿ ನೋಡಿಕೊಳ್ಳುವುದು ನನ್ನ ಕೆಲಸ, ಅದು ಹಾಳಾಗಿದೆಯೆಂದು ನಾನು ಯಾರಿಗೂ ತಿಳಿಸಿರಲಿಲ್ಲ ಎಂದು ಮಹ್ರೂಫನೇ ಹೇಳುವಂತೆ ಹೊನ್ನಪ್ಪ ಇಂಗ್ಲಿಷಿನಲ್ಲಿ ಬರೆದು, ಟೈಪಿಂಗ್ ಅಂಗಡಿಯಲ್ಲಿ ಅರಬ್ಬಿಗೆ ಮಾಡಿಸಿ ತಂದ ಹೇಳಿಕೆ. ಪಿಯುಸನ ಇನ್ಶೂರೆನ್ಸಿನ ಕಾಗದ ಎಂದು ಹೇಳಿ ಸಹಿ ಹಾಕಿಸಿ, ಮಹ್ರೂಫನನ್ನೂ ಕೂರಿಸಿಕೊಂಡು ಸಂಜೆಯೊಳಗೆ ವಾಪಸು ಬರಬೇಕು. ಅರಬ್ಬಿ ಯಾಕೆ ಸಾರ್ ಎಂದು ಕೇಳಿದ್ದಕ್ಕೆ ಎಡ್ವರ್ಡರು ನಕ್ಕಿದ್ದರು. "ಅರಬ್ಬಿ ಆದ್ರೆ ಪ್ರಶ್ನೆ ಇಲ್ಲ ಮಾರಾಯ್ರೆ. ನಿಮಗೆ ಓದ್ಲಿಕ್ಕೆ ಬರ್ತದಾ? ನನಗೆ ಬರ್ತದಾ? ಇಪ್ಪತ್ತೆಂಟು ವರ್ಷ ಆಯ್ತು ನಾನು ಬಂದು."

ಮತ್ತೆ ಒಂದು ಮಾತು ಹೇಳಿದ್ದರು. ಒಳ್ಳೆ ಊಟ ಹಾಕಿಸಿ, ಆಮೇಲೆ ಕಾಗದ ತೆಗೀರಿ. ಈ ಸಾಲು ಹೊನ್ನಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಮಾಫಿಯಾ ಸಿನಿಮಾಗಳನ್ನು ಅವನಷ್ಟು ನೋಡಿದ ಕನ್ನಡದವನು ಇಡೀ ಮಸ್ಕತ್ತಿನಲ್ಲಿ ಇನ್ನೊಬ್ಬನಿರಲಾರ. ಅವುಗಳಲ್ಲಿ ಮೊದಲು ಊಟ. ಎಷ್ಟು ಹೊತ್ತಿನ ಊಟ! ಬೆಳ್ಳುಳ್ಳಿ ಹೆಚ್ಚುವುದು, ಟೊಮೆಟೊ ಕುದಿಸುವುದು, ಮಕ್ಕಳಿಗೆ ಮುತ್ತು ಕೊಡುವುದು, ಹೆಂಡತಿ ಏನೂ ಕೇಳದೆ ತಟ್ಟೆ ಎತ್ತುವುದು. ಸಾಯಬೇಕಾದವನಿಗೆ ಎರಡನೆಯ ಸಲ ಬಡಿಸುತ್ತಾರೆ. ಕರೆದುಕೊಂಡು ಹೋಗಲು ಬರುವವನು ಶತ್ರುವಲ್ಲ. ಶತ್ರು ಬಂದರೆ ಯಾರು ಹೊರಡುತ್ತಾರೆ? ಬರುವವನು ಗೆಳೆಯ, ಮದುವೆಯಲ್ಲಿ ಪಕ್ಕದಲ್ಲಿ ನಿಂತವನು, ಹೆಗಲ ಮೇಲೆ ಕೈ ಹಾಕಿ ಬಾರೋ ಒಂದು ರೌಂಡು ಹೋಗಿ ಬರೋಣ ಎನ್ನುವವನು. ಕಾರಿನಲ್ಲಿ ಸಾಯಬೇಕಾದವನನ್ನು ಮುಂದೆ ಕೂರಿಸಿ, ಇನ್ನೊಬ್ಬ ಹಿಂದೆ ಕೂರುತ್ತಾನೆ, ಸಾವು ಬರುವುದು ಆ ಹಿಂದಿನ ಸೀಟಿನಿಂದ. ಮಸ್ಕತ್ತಿನ ರುವಿಯ ಬ್ಯಾಚುಲರ್ ಕೋಣೆಯಲ್ಲಿ ಆರು ಜನ ಚಾಪೆಯ ಮೇಲೆ ಕಾಲು ಚಾಚಿ ನೋಡುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಬರುವವನು ಹೊನ್ನಪ್ಪನೊಬ್ಬನೇ. ಅವನು ಕತೆ ಹೇಳುತ್ತಿದ್ದ, ಮಹ್ರೂಫ್ ಅವಲಕ್ಕಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದು ಕೇಳುತ್ತಿದ್ದ. ಪ್ರತಿ ಸಿನಿಮಾದಲ್ಲೂ ಅವನದು ಒಂದೇ ಪ್ರಶ್ನೆ. "ಅಣ್ಣ, ಅವ ಯಾಕೆ ಮುಂದೆ ಕೂತ? ಅಷ್ಟೂ ಬುದ್ಧಿ ಬೇಡವಾ?" ನಂಬಿಕೆ ಕಣೋ ಎಂದು ಹೊನ್ನಪ್ಪ ದೊಡ್ಡದಾಗಿ ವಿವರಿಸುತ್ತಿದ್ದ.

ಆ ಸಿನಿಮಾಗಳಲ್ಲಿ ತಾನು ಯಾರು ಎಂದು ಅವನು ಬಹಳ ವರ್ಷ ಹುಡುಕಿದ್ದ. ಊರಿನಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಗಂಟೆಗಟ್ಟಲೆ ನಿಂತು, ನಾಳೆ ಬಾ ಹೋಗಯ್ಯ ಎನ್ನಿಸಿಕೊಂಡ ಅಪ್ಪನ ಮಗನಿಗೆ, ಕುರ್ಚಿಯಲ್ಲಿ ಒರಗಿ ಕೂತ ಮುದುಕನೊಬ್ಬ ಬೆರಳು ಎತ್ತಿದರೆ ಊರೇ ಸುಮ್ಮನಾಗುವುದನ್ನು ನೋಡುವುದರಲ್ಲಿ ಒಂದು ಸುಖವಿತ್ತು. ಅದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಒಂದು ಕಾಲದಲ್ಲಿ ಕೂದಲು ಹಿಂದಕ್ಕೆ ಬಾಚುತ್ತಿದ್ದ, ಕಾಂತಾಮಣಿ ನಕ್ಕ ಮೇಲೆ ಬಿಟ್ಟ. ಮುದುಕ ತಾನಲ್ಲ, ಅದು ಬೇಗ ಗೊತ್ತಾಯಿತು. ಪಿಸ್ತೂಲು ಹಿಡಿದವನೂ ಅಲ್ಲ. ಸಾಯುವವನಾದರೂ ಆಗಬಹುದಿತ್ತು, ಅವನಿಗೂ ಒಂದು ಮರ್ಯಾದೆಯ ಸಾವಿರುತ್ತದೆ, ಮಳೆ, ಪಿಟೀಲು, ಬಿದ್ದ ಟೋಪಿ. ಮಾತುಕತೆ ಶುರುವಾಗುವಾಗ ಎದ್ದು ಹೋಗಿ ಬಾಗಿಲು ಹಾಕುವ ಒಬ್ಬ ಇರುತ್ತಾನಲ್ಲ, ಮುಖವೂ ಸರಿಯಾಗಿ ಕಾಣದವನು, ಅವನೇ ತಾನು ಎಂದು ಎರಡು ವಾರದ ಹಿಂದೆ ಹೊಳೆದಿತ್ತು. ನಿನ್ನೆ ರಾತ್ರಿ ಊಟದ ಹೊತ್ತಿಗೆ ಮಗಳು ದಿಶಾ, ಹನ್ನೆರಡನೆಯ ಕ್ಲಾಸಿನ ಪ್ರಾಜೆಕ್ಟಿಗೆ ಅವನ ಪ್ರೀತಿಯ ಸಿನಿಮಾ ಒಂದನ್ನು ಅರ್ಧ ನೋಡಿ ಲ್ಯಾಪ್‌ಟಾಪ್ ಮುಚ್ಚಿ, "ದೇ ಆರ್ ಜಸ್ಟ್ ಬ್ಯಾಡ್ ಪೀಪಲ್ ವಿತ್ ಗುಡ್ ಲೈಟಿಂಗ್, ಅಪ್ಪಾ," ಎಂದಳು. ಕಾಂತಾಮಣಿ ನಕ್ಕಳು. ಹೊನ್ನಪ್ಪ ಸಿಟ್ಟಾದ. ಇಪ್ಪತ್ತು ವರ್ಷ ನೋಡಿದವನಿಗೆ ಗೊತ್ತಿಲ್ಲದ್ದು ನಿನಗೇನೇ ಗೊತ್ತು ಎಂದು ಕೂಗಿ, ಅನ್ನದ ತಟ್ಟೆ ಬಿಟ್ಟು ಎದ್ದ. ಎದ್ದ ಮೇಲೆ ಬಚ್ಚಲಿನ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿ ನೋಡಿಕೊಂಡು, ಅವಳು ಹೇಳಿದ್ದು ಸರಿ ಎಂದುಕೊಂಡ.

ಇಬ್ರಾಕ್ಕೆ ಇನ್ನು ನಲವತ್ತು ಕಿಲೋಮೀಟರ್ ಎಂಬ ಫಲಕ ಬಂತು. ಬೋಳು ಬೆಟ್ಟಗಳು ಎರಡೂ ಕಡೆ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಾಗಿದ್ದವು. ಹೇಳಿಕೆಯಲ್ಲಿದ್ದ ಮೂರನೆಯ ಸಾಲು ಮತ್ತೆ ನೆನಪಾಯಿತು. ಮೊದಲೆರಡು ಸಾಲು ಎಡ್ವರ್ಡರದು, ಅವನು ಬರೀ ಬರೆದುಕೊಟ್ಟವನು ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಕರಡು ಓದಿ ಎಡ್ವರ್ಡರು, "ಸ್ವಲ್ಪ ಸಪ್ಪೆ ಆಯ್ತು ಹೊನ್ನಪ್ಪ. ಬೇರೆ ಎಂತಾದ್ರೂ ಪಾಯಿಂಟ್ ಉಂಟಾ?" ಎಂದು ಕೇಳಿದಾಗ, ಯಾರೂ ಕತ್ತು ಹಿಡಿದಿರಲಿಲ್ಲ, ಕೆಲಸ ಹೋಗುತ್ತದೆ ಎಂದೂ ಹೇಳಿರಲಿಲ್ಲ. ಅವನೇ ಹೇಳಿದ. ಏಣಿ ಮುರಿದಾಗ ಮಹ್ರೂಫ್ ಪಕ್ಕದಲ್ಲಿರಲಿಲ್ಲ ಸಾರ್, ಮಗಳ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ. ಯಾಕೆ ಹೇಳಿದೆ? ಕರಡು ಚೆನ್ನಾಗಿರಲಿ ಎಂದು. ಇಷ್ಟೇ, ದೇವರಾಣೆಗೂ ಇಷ್ಟೇ ಕಾರಣ. ಪಿಯುಸ್ ಬಿದ್ದ ದಿನ ಮಹ್ರೂಫ್ ಆಸ್ಪತ್ರೆಯ ಮೆಟ್ಟಿಲಿನಿಂದ ಫೋನು ಮಾಡಿ ಅತ್ತಿದ್ದ. "ಆಚೆ ತಿರುಗಿ ನಿಂತಿದ್ದೆ ಅಣ್ಣ. ಮಗಳ ಹತ್ರ ಮಾತಾಡ್ತಾ ಇದ್ದೆ. ಇಲ್ಲದಿದ್ರೆ ನಾನು ಏಣಿ ಹಿಡೀತಿದ್ದೆ, ಅವ ಬೀಳ್ತಿರಲಿಲ್ಲ. ಇದು ನಿಮಗೊಬ್ಬರಿಗೇ ಹೇಳಿದ್ದು." ಎಡ್ವರ್ಡರು ಆ ಸಾಲು ಸೇರಿಸಿದ ಮೇಲೆ ಹೊನ್ನಪ್ಪನ ಬೆನ್ನು ತಟ್ಟಿ, "ನೀವು ಬಿಡಿ, ನಮ್ಮ ಫ್ಯಾಮಿಲಿ," ಎಂದರು. ಆಗ ಖುಷಿಯಾಗಿತ್ತು. ಕ್ಯಾಬಿನ್ನಿನಿಂದ ಲಿಫ್ಟಿನವರೆಗೆ ಆ ಖುಷಿ ಇತ್ತು, ಅದನ್ನು ನೆನೆದಾಗಲೇ ಈಗ ಅವನಿಗೆ ಹೆಚ್ಚು ನಾಚಿಕೆಯಾಗುತ್ತಿತ್ತು.

ಮಹ್ರೂಫ್ ಮಧ್ಯಾಹ್ನದ ನಮಾಜು ಮುಗಿಸಿ ಸೈಟಿನ ಗೇಟಿನ ಬಳಿ ಕಾಯುತ್ತಿದ್ದ. ಗಡ್ಡದಲ್ಲಿ ಬಿಳಿ ಜಾಸ್ತಿಯಾಗಿತ್ತು, ಹದಿನೈದು ದಿನದಲ್ಲಿ ಅಷ್ಟೊಂದು ಆಗುತ್ತದೆಯೇ? ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಒಂದು ಸಣ್ಣ ಬ್ಯಾಗು. ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತ. ಅವನು ಉದ್ದ ಆಳು, ಮೊಣಕಾಲು ಹೋಗಿ ಡ್ಯಾಶ್‌ಬೋರ್ಡಿನ ಖಾನೆಗೆ ತಾಗಿತು. ಹೊನ್ನಪ್ಪ ಆ ಮೊಣಕಾಲನ್ನೇ ನೋಡಿದ.

"ಎಂತ ಅಣ್ಣ, ಜ್ವರವಾ? ಮುಖ ಸರಿ ಇಲ್ಲ."

"ಏನಿಲ್ಲ ಕಣಯ್ಯ. ಬಿಸಿಲು. ಸೀಟು ಹಿಂದಕ್ಕೆ ಜರುಗಿಸ್ಕೊ."

"ಸಾಕು, ಆಗ್ತದೆ. ನಾಳೆ ನನ್ನ ಹತ್ರ ಎಂತ ಕೇಳ್ತಾರೆ? ಏಣಿ ಕೇಳಿದ್ದು ಹೇಳ್ತೇನೆ. ನೀವು ಬರ್ಕೊಂಡದ್ದು ಉಂಟಲ್ಲ ಫೈಲಲ್ಲಿ. ಅದೊಂದು ಧೈರ್ಯ ನನಗೆ."

ಹೊನ್ನಪ್ಪ ಹೂಂ ಎಂದ. ಆ ಹೂಂ ಬಾಯಿಂದ ಹೊರಬಿದ್ದದ್ದು ಅವನಿಗೇ ಕೇಳಿಸಲಿಲ್ಲ. ಸೂಕ್ ಮಾರುಕಟ್ಟೆಯ ಹಿಂದಿನ ಮಲಬಾರಿ ಹೋಟೆಲಿನಲ್ಲಿ ಫ್ಯಾಮಿಲಿ ಕೋಣೆ ಎಂದು ಪ್ಲೈವುಡ್ ಹೊಡೆದ ಗೂಡಿನೊಳಗೆ ಇಬ್ಬರೂ ಕೂತರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಅಂಜಲ್ ಮೀನಿನ ಫ್ರೈ. ಎರಡು ತುಂಡುಗಳಲ್ಲಿ ದೊಡ್ಡದನ್ನು ಮಹ್ರೂಫ್ ಹೊನ್ನಪ್ಪನ ತಟ್ಟೆಗೆ ಹಾಕಿದ. ರುವಿಯ ಕೋಣೆಯಲ್ಲೂ ಹಾಗೇ ಮಾಡುತ್ತಿದ್ದ. ಮಂಡ್ಯದವರಿಗೆ ಮುಳ್ಳು ತೆಗೆಯಲು ಬರುವುದಿಲ್ಲ, ದೊಡ್ಡ ತುಂಡಾದರೆ ಬಚಾವು ಎಂದು ಚೇಷ್ಟೆ ಮಾಡುತ್ತಿದ್ದ. ಹೊನ್ನಪ್ಪ ಮೀನು ಮುಟ್ಟದೆ ಅನ್ನ ಕಲಸುತ್ತ ಕೂತ. ಬಡಿಸುವವನು ತಾನಲ್ಲವೇ ಆಗಬೇಕಿತ್ತು, ಇಲ್ಲಿ ಎಲ್ಲ ಉಲ್ಟಾ ಆಗುತ್ತಿದೆ ಎಂದು ಯೋಚಿಸಿ, ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದ. ಏನಾದರಾಗಲಿ, ಬೇಗ ಮುಗಿದುಹೋಗಲಿ ಎಂದು, ಊಟ ಅರ್ಧದಲ್ಲಿರುವಾಗಲೇ ಎಡಗೈಯಿಂದ ಬ್ಯಾಗಿನ ಜಿಪ್ಪು ಎಳೆದು ಹಾಳೆ ಮೇಜಿನ ಮೇಲಿಟ್ಟ. "ಪಿಯುಸಂದು ಇನ್ಶೂರೆನ್ಸು. ಒಂದು ಸಹಿ."

ಮಹ್ರೂಫ್ ಎದ್ದು ಹೋಗಿ ಕೈ ತೊಳೆದು, ಅಂಗಿಯ ತುದಿಗೆ ಒರೆಸಿಕೊಂಡು ಬಂದ. ಪೆನ್ನು ಮುಟ್ಟಲಿಲ್ಲ. ಹಾಳೆ ಹತ್ತಿರ ಎಳೆದುಕೊಂಡು, ತೋರುಬೆರಳನ್ನು ಬಲಗಡೆಯ ಅಂಚಿನಲ್ಲಿಟ್ಟು, ನಿಧಾನವಾಗಿ ಎಡಕ್ಕೆ ಸರಿಸತೊಡಗಿದ. ತುಟಿಗಳು ಅಲುಗುತ್ತಿದ್ದವು. ಏನು ಮಾಡುತ್ತಿದ್ದಾನೆ ಎಂದು ಹೊನ್ನಪ್ಪನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಅವನು ಓದುತ್ತಿದ್ದ. ಇಪ್ಪತ್ತೆಂಟು ವರ್ಷ ಇಲ್ಲಿದ್ದ ಎಡ್ವರ್ಡರೂ ಹದಿನಾರು ವರ್ಷ ಇದ್ದ ತಾನೂ ಕಲಿಯದ ಲಿಪಿಯನ್ನು ಉಳ್ಳಾಲದ ಹುಡುಗರು ಐದು ವರ್ಷಕ್ಕೇ ಮದ್ರಸದ ಬೆಂಚಿನಲ್ಲಿ ಬೆತ್ತದ ಕೆಳಗೆ ಕಲಿತಿರುತ್ತಾರೆ. ಇದು ಯಾರಿಗೆ ಗೊತ್ತಿಲ್ಲ? ರಂಜಾನಿನಲ್ಲಿ ಕೋಣೆಯ ಮೂಲೆಯಲ್ಲಿ ಕೂತು ಕುರಾನು ಓದುತ್ತಿದ್ದ ಮಹ್ರೂಫನ ದನಿ ಕೇಳುತ್ತಲೇ ಅವನು ಎಷ್ಟೋ ಸಂಜೆ ನಿದ್ದೆ ಹೋಗಿದ್ದ. ಆದರೆ ಇಂಗ್ಲಿಷ್ ಬಾರದವನಿಗೆ ಏನೂ ಬರುವುದಿಲ್ಲ ಎಂಬುದು ಆಫೀಸಿನಲ್ಲಿ ಯಾವಾಗಲೋ ತೀರ್ಮಾನವಾಗಿ ಹೋಗಿತ್ತು. ಓದಲು ಮದ್ರಸ ಕಲಿಸಿತ್ತು, ಅರ್ಥವನ್ನು ಹದಿನಾರು ವರ್ಷ ಸೈಟಿನಲ್ಲಿ ಅರಬರ ಜೊತೆ ಮಾಡಿದ ಜಗಳ ಕಲಿಸಿರಬೇಕು. ಬೆರಳು ಮೂರನೆಯ ಸಾಲಿನ ನಡುವೆ ನಿಂತಿತು. ಹಿಂದಕ್ಕೆ ಬಂದು, ಅದೇ ಸಾಲನ್ನು ಮತ್ತೊಮ್ಮೆ ದಾಟಿತು. ಅಡಿಗೆಮನೆಯಿಂದ ಯಾರೋ ಯಲ್ಲಾ ಯಲ್ಲಾ ಎಂದು ಅವಸರಪಡಿಸಿ ಕೂಗುತ್ತಿದ್ದರು.

"ಅರ್ಥ ಆಯ್ತೇನೋ?" ಹೊನ್ನಪ್ಪ ಕೇಳಿದ. ಸಹಜವಾಗಿ ಕೇಳಬೇಕೆಂದುಕೊಂಡಿದ್ದ.

"ಅಕ್ಷರ ಓದ್ಲಿಕ್ಕೆ ಬರ್ತದೆ ಅಣ್ಣ. ಸಣ್ಣದಿರುವಾಗ ಕಲಿತದ್ದು." ಮಹ್ರೂಫ್ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಇದು ಯಾರು ಬರೆದದ್ದು?"

"ಟೈಪಿಂಗ್ ಅಂಗಡಿಯವರು. ನಂಗೇನು ಅರಬ್ಬಿ ಬರುತ್ತಾ."

"ಹೌದಲ್ಲ," ಎಂದ ಮಹ್ರೂಫ್. "ಸಹಿ ಮಸ್ಕತ್ತಿನಲ್ಲಿ ಹಾಕುವಾ. ನೀವು ಊಟ ಮಾಡಿ. ಮೀನು ಹಾಗೇ ಉಂಟು."

ಹೊರಗೆ ಬಂದಾಗ ಮಹ್ರೂಫ್ ಕಾರಿನ ಹಿಂದಿನ ಬಾಗಿಲು ತೆಗೆದು, ಬ್ಯಾಗು ಒಳಗೆ ಹಾಕಿ, ತಾನೂ ಹತ್ತಿ ಕೂತ. ಹೊನ್ನಪ್ಪ ಕೀಲಿ ಹಿಡಿದುಕೊಂಡು ನಿಂತೇ ಇದ್ದ. ಯಾಕೋ ಹಿಂದೆ ಎಂದರೆ, ಮುಂದೆ ಬಿಸಿಲು ಅಣ್ಣ ಎಂದ. ಮೂರು ಗಂಟೆಯ ಬಿಸಿಲು ಇಡೀ ಕಾರಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ಹದಿನಾರು ವರ್ಷದಲ್ಲಿ ಅವನು ಹೊನ್ನಪ್ಪನ ಜೊತೆ ಹಿಂದಿನ ಸೀಟಿನಲ್ಲಿ ಕೂತದ್ದಿಲ್ಲ. ಹೆದ್ದಾರಿ ಹತ್ತಿದರು. ಹೊನ್ನಪ್ಪ ಎಸಿ ಜಾಸ್ತಿ ಮಾಡಿದ, ಕಡಿಮೆ ಮಾಡಿದ. ಕತ್ತಿನ ಹಿಂದೆ, ಕೂದಲು ಮುಗಿದು ಚರ್ಮ ಶುರುವಾಗುವಲ್ಲಿ, ಇರುವೆ ಹರಿದ ಹಾಗೆ ಆಗುತ್ತಿತ್ತು. ಹುಚ್ಚ, ಹಿಂದೆ ಕೂತಿರುವುದು ಮಹ್ರೂಫ್ ಎಂದು ತನಗೆ ತಾನೇ ಬೈದುಕೊಂಡ. ಇವನ ಕೈಯಲ್ಲಿ ಏನಿದೆ? ನಾಳೆ ವಿಚಾರಣೆಯಲ್ಲಿ ಸಹಿ ಹಾಕಿದರೆ ಇವನ ಮೇಲೆ ಕೇಸು, ಊರಿಗೂ ಹೋಗುವಂತಿಲ್ಲ, ಇಲ್ಲಿ ಕೆಲಸವೂ ಇಲ್ಲ. ಸಹಿ ಹಾಕದಿದ್ದರೆ ಬರೀ ಬಾಯಿಮಾತು, ಯಾರು ಕೇಳುತ್ತಾರೆ? ಹೆದರಬೇಕಾದವನು ಅವನು. ಕನ್ನಡಿಯಲ್ಲಿ ನೋಡಿದರೆ ಮಹ್ರೂಫ್ ಕಿಟಕಿಯ ಹೊರಗೆ ನೋಡುತ್ತಿದ್ದ, ಮುಖದಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಬೈದುಬಿಡಬಾರದೇ ಇವನು, ಬೇವರ್ಸಿ ಎಂದು ಒಂದು ಮಾತು ಅಂದುಬಿಡಬಾರದೇ, ಎಂದು ಹೊನ್ನಪ್ಪನಿಗೆ ಅನ್ನಿಸಿತು. ಮೂರು ಹಾಳೆ ಯಾಕೆ ಉಳಿಸಿಕೊಂಡೆ ಎಂಬುದೂ ಈಗ ಥಟ್ಟನೆ ಗೊತ್ತಾಯಿತು. ಸಿನಿಮಾದಲ್ಲಿ ಒಬ್ಬನಾದರೂ ಹಾಗೆ ಕಾಗದ ಬಚ್ಚಿಟ್ಟಿರುತ್ತಾನೆ, ನಾಳೆ ಯಜಮಾನ ತನ್ನ ಮೇಲೇ ತಿರುಗಿದರೆ ಇರಲಿ ಎಂದು. ಅವು ಮಹ್ರೂಫನಿಗಾಗಿ ಇಟ್ಟುಕೊಂಡದ್ದಲ್ಲ, ತನಗಾಗಿ ಇಟ್ಟುಕೊಂಡದ್ದು. ಒಳ್ಳೆಯತನ ಎಲ್ಲೋ ಒಂದು ಚೂರು ಉಳಿದಿದೆ ಎಂದು ಬೆಳಿಗ್ಗೆಯಿಂದ ಹಿಡಿದುಕೊಂಡು ಬಂದಿದ್ದ ಒಂದೇ ಒಂದು ಸಮಾಧಾನವೂ ಆ ಹೆದ್ದಾರಿಯಲ್ಲಿ ಹೋಯಿತು.

ಸುರಂಗ ಬಂತು. ಬೆಳಕು ಒಮ್ಮೆಲೇ ಹೋಗಿ, ಹಳದಿ ದೀಪಗಳು ಒಂದರ ಹಿಂದೊಂದು ಕಾರಿನೊಳಗೆ ಹಾದುಹೋಗತೊಡಗಿದವು. ಕನ್ನಡಿಯಲ್ಲಿ ಮಹ್ರೂಫನ ಮುಖ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಗುಡ್ ಲೈಟಿಂಗ್, ಎಂದುಕೊಂಡ ಹೊನ್ನಪ್ಪ. ಅವನಿಗೆ ಅಳು ಬರುವ ಹಾಗಾಯಿತು. ಸುರಂಗ ಮುಗಿಯುವುದರೊಳಗೆ ಹೇಳಬೇಕು, ಬಿಸಿಲಿಗೆ ಬಂದರೆ ಆಗುವುದಿಲ್ಲ.

"ಮಹ್ರೂಫ್. ನಾನೇ ಬರೆದದ್ದು ಅದನ್ನ. ಇಂಗ್ಲಿಷಲ್ಲಿ ಬರ್ದು ಕೊಟ್ಟೆ, ಅವರು ಅರಬ್ಬಿ ಮಾಡಿದ್ರು."

ಕಾರು ಹೊರಗೆ ಬಂತು, ಬಿಸಿಲು ಮುಖಕ್ಕೆ ಹೊಡೆಯಿತು.

"ಗೊತ್ತುಂಟು ಅಣ್ಣ," ಎಂದ ಮಹ್ರೂಫ್. ದನಿ ಮೆಲ್ಲಗಿತ್ತು. "ಫೋನಿನ ವಿಷಯ ನಾನು ನಿಮಗೊಬ್ಬರಿಗೇ ಹೇಳಿದ್ದು. ಪಿಯುಸನಿಗೂ ಹೇಳಿಲ್ಲ." ಆಮೇಲೆ, "ಅದಕ್ಕೇ ಹಿಂದೆ ಕೂತದ್ದು," ಎಂದ.

ಹೊನ್ನಪ್ಪ ರಸ್ತೆಯ ಬಲಕ್ಕೆ ಜಲ್ಲಿಯ ಮೇಲೆ ಕಾರು ಇಳಿಸಿ ನಿಲ್ಲಿಸಿದ. ಪಕ್ಕದ ಸೀಟಿನ ಮೇಲಿಂದ ಬಾಗಿ ಖಾನೆ ತೆಗೆದ, ಖರ್ಜೂರದ ಪೆಟ್ಟಿಗೆ ಕೆಳಗೆ ಬಿತ್ತು, ಬೀಳಲಿ ಎಂದು ಬಿಟ್ಟ. ಮೂರು ಹಾಳೆಗಳನ್ನು ಹಿಂದಕ್ಕೆ, ಹೆಗಲ ಮೇಲಿಂದ ಚಾಚಿದ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಕೈ ಗಾಳಿಯಲ್ಲಿ ಬಹಳ ಹೊತ್ತು ಇದ್ದ ಹಾಗೆ ಅನ್ನಿಸಿತು. ಆಮೇಲೆ ಹಾಳೆಗಳು ಬೆರಳುಗಳ ನಡುವಿನಿಂದ ಸರಿದವು.

"ಹಸಿರು ಇಂಕು," ಎಂದ ಮಹ್ರೂಫ್. "ಎಡ್ವರ್ಡ್ ಸಾರ್‌ದು."

"ಮೂರರಲ್ಲೂ ಇದೆ. ತಾರೀಖೂ ಇದೆ. ಹರಿದು ಹಾಕಿದೆ ಅಂತ ಅಂದ್ಕೊಂಡಿದಾರೆ. ನಾಳೆ ಕೊಡು ವಿಚಾರಣೆ ಮಾಡೋರ ಕೈಗೆ."

"ನೀವು? ನೀವು ಹೇಳ್ತೀರಾ ನಾಳೆ, ಬರೆದದ್ದು ನೀವು ಅಂತ? ಈ ಮೂರು ಹಾಳೆಯೂ, ಆ ಅರಬ್ಬಿಯದ್ದೂ, ಎರಡೂ?"

ಡ್ಯಾಶ್‌ಬೋರ್ಡಿನ ಮೇಲೆ ಹೊನ್ನಪ್ಪನ ಫೋನು ನಡುಗಿತು. ಎಡ್ವರ್ಡರ ಹೆಸರು. ಸಹಿ ಆಯ್ತಾ ಮಾರಾಯ್ರೆ ಎಂದು ಕೇಳಲು ಇರಬೇಕು, ಅದಕ್ಕೂ ಮೊದಲು ಊಟ ಆಯ್ತಾ ಎಂದು ಕೇಳುತ್ತಾರೆ. ದಿಶಾಳ ಕೊನೆಯ ವರ್ಷ, ಕಾಂತಾಮಣಿಯ ನಗು, ಬಾಡಿಗೆ ಮನೆ, ವೀಸಾ, ಎಲ್ಲ ಆ ಫೋನಿನ ಜೊತೆಗೆ ನಡುಗಿದವು. ಅವನಿಗೆ ಭಯವಾಯಿತು, ಬರೀ ಭಯ, ಸಿನಿಮಾದಲ್ಲಿ ಯಾರ ಮುಖದಲ್ಲೂ ಅವನು ಕಾಣದಂಥ ಸಣ್ಣ ಭಯ. ಫೋನು ನಿಲ್ಲುವವರೆಗೆ ಕಾದ.

"ಹೇಳ್ತೀನಿ," ಎಂದ.

ಮಹ್ರೂಫ್ ಹಾಳೆಗಳನ್ನು ಅರಬ್ಬಿ ಕಾಗದದ ಜೊತೆ ಸೇರಿಸಿ ಬ್ಯಾಗಿನಲ್ಲಿಟ್ಟು, ಜಿಪ್ಪು ಎಳೆದು, ಬ್ಯಾಗನ್ನು ಮಡಿಲ ಮೇಲೆ ಇಟ್ಟುಕೊಂಡದ್ದು ಕನ್ನಡಿಯಲ್ಲಿ ಕಾಣಿಸಿತು. ಒಂದು ಲಾರಿ ಪಕ್ಕದಲ್ಲಿ ಹಾದುಹೋದಾಗ ಕಾರು ಅಲುಗಾಡಿತು. ಹೊನ್ನಪ್ಪ ಕೆಳಗೆ ಬಿದ್ದ ಖರ್ಜೂರದ ಪೆಟ್ಟಿಗೆ ಎತ್ತಿ ಆಚೆ ಇಟ್ಟ, ಮುಂದಿನ ಸೀಟಿನ ಮೇಲಿದ್ದ ತನ್ನ ಬ್ಯಾಗು ತೆಗೆದು ಕಾಲಬುಡದಲ್ಲಿ ಹಾಕಿಕೊಂಡ, ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ.

"ಮುಂದೆ ಬಾರೋ," ಎಂದ.

ಮಹ್ರೂಫ್ ಆ ಸೀಟನ್ನು ನೋಡಿದ, ಬ್ಯಾಗನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಬೇಡ ಅಣ್ಣ," ಎಂದ, ಮೊದಲಿನ ಹಾಗೇ ಪ್ರೀತಿಯಿಂದ. "ಇಲ್ಲೇ ಆಗ್ತದೆ ನನಗೆ."

ಹೊನ್ನಪ್ಪ ಕಾರು ಸ್ಟಾರ್ಟ್ ಮಾಡಿದ. ಮಸ್ಕತ್ತಿಗೆ ಇನ್ನೂ ಒಂದು ಗಂಟೆಯ ದಾರಿಯಿತ್ತು.